ಅಪ್‌ಡೇಟ್: ಪಡಸಾಲೆಗೆ ಜಮಖಾನ ಬಂತು

ಕಲಬುರಗಿಯ ನಮ್ಮ ಮನೆಗೆ ಕೈಯಲ್ಲಿ ನೇಯ್ದ ಹಾಸು ಬೇಕು, ಸೆಣಬು ತಗೊಳ್ಳೋದಾ ಹತ್ತಿನಾ, ಅಸಲಿ ಅಂತ ಹೇಗೆ ತಿಳಿಯೋದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೊನೆಗೆ ನವಲಗುಂದದ ಹತ್ತಿ ಜಮಖಾನ ತಗೊಂಡೆವು.

ಸೆಣಬು ಬಿಟ್ಟಿದ್ದು ನೀರಿನ ಕಾರಣಕ್ಕೆ. ಅವ್ವ ದಿನಾ ನೆಲ ಒರೆಸ್ತಾರೆ. ಒದ್ದೆಯಾದ ಸೆಣಬಿಗೆ ಕಂದು ಕಲೆ ಬೀಳುತ್ತೆ, ವಾಸನೆ ಬೇರೆ.

ಎಳೆ ಸುಟ್ಟು ನೋಡಿ ಅಂದಿದ್ದಿರಲ್ವಾ, ಅದು ಬಹಳ ಉಪಯೋಗಕ್ಕೆ ಬಂತು. ಇಲ್ಲಿನ ಒಂದು ಅಂಗಡಿಯಲ್ಲಿ ಶುದ್ಧ ಹತ್ತಿ ಅಂತ ಹೇಳಿ ತೋರಿಸಿದ ಹಾಸಿನ ಎಳೆ ಕರಗಿ ಗಟ್ಟಿ ಕರಿ ಗುಂಡಾಯ್ತು. ಪಾಲಿಯೆಸ್ಟರ್! ಜಮಖಾನದ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಯ್ತು, ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಇದನ್ನು ನೇಯೋರು ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗ. ಬಣ್ಣದ ಎಳೆಯನ್ನು ಕೈಯಿಂದಲೇ ತೂರಿಸಿ, ಹಲ್ಲಿರುವ ಪಂಜಾದಿಂದ ಬಡಿದು ಕೂರಿಸುತ್ತಾರೆ. ಹಾಗಾಗಿ ಎರಡೂ ಮಗ್ಗಲು ಒಂದೇ ಥರ, ತಿರುವಿ ಹಾಸಬಹುದು. ನಮ್ಮದರಲ್ಲಿ ನವಿಲುಗಳಿವೆ. ಒಂದರ ಕತ್ತು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡ, ನನಗೆ ಅದೇ ಜಾಸ್ತಿ ಇಷ್ಟ. ಜಿಐ ಮಾನ್ಯತೆ (ಆ ಊರಿನದೇ ವಿಶೇಷ ವಸ್ತು ಅನ್ನೋ ಭೌಗೋಳಿಕ ಗುರುತು) ಇದ್ದರೂ ನೇಯೋರು ಕಡಿಮೆಯಾಗಿದ್ದಾರೆ. ಚೌಕಾಸಿ ಮಾಡೋಕೆ ಮನಸ್ಸೇ ಬರಲಿಲ್ಲ.

ಶಹಾಬಾದ್ ಕಲ್ಲಿನ ನುಣುಪು ನೆಲದ ಮೇಲೆ ಜಾರುತ್ತಿತ್ತು. ವಯಸ್ಸಾದವರಿರುವ ಮನೆಯಲ್ಲಿ ಅದು ಅಪಾಯ. ಕೆಳಗೆ ರಬ್ಬರ್ ಜಾಲರಿ ಹಾಸಿದೆವು, ಈಗ ಅಲ್ಲಾಡಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಕೆಂಪು ಸ್ವಲ್ಪ ಹತ್ತಿತು. ಸದ್ಯಕ್ಕೆ ಒಗೆಯಲ್ಲ, ನೆರಳಲ್ಲಿ ಹಾಕಿ ಧೂಳು ಕೊಡವುತ್ತೇವೆ ಅಷ್ಟೇ.