ಪ್ಲಾಟ್‌ಫಾರ್ಮ್ ಖಾಲಿ ಇದ್ದರೂ ಲೋಕಲ್ ಗಾಡಿಯನ್ನು ಔಟರ್‌ನಲ್ಲಿ ಯಾಕೆ ನಿಲ್ಲಿಸ್ತಾರೆ?

ಕಿಟಕಿಸೀಟು:
ದಿನಾ ಎರಡು ಗಾಡಿ ಹತ್ತಿ ಕೆಲಸಕ್ಕೆ ಹೋಗುತ್ತೇನೆ. ಮನೆ ಹತ್ತಿರ ಲೋಕಲ್ ಹಿಡಿದು, ನಗರದ ಅಂಚಿನ ಒಂದು ಸ್ಟೇಷನ್‌ನಲ್ಲಿ ಇಳಿದು, ಅಲ್ಲಿಂದ ದೂರದ ಊರುಗಳ ಕಡೆ ಹೋಗುವ ಗಾಡಿ ಹತ್ತಬೇಕು. ಟೈಮ್‌ಟೇಬಲ್ ಪ್ರಕಾರ ನಡುವೆ ಏಳು ನಿಮಿಷ ಇದೆ, ಅದು ಸಾಕು. ಆದರೆ ವಾರಕ್ಕೆ ಎರಡು ಮೂರು ದಿನ ನಮ್ಮ ಲೋಕಲ್ ಔಟರ್‌ನಲ್ಲೇ, ಅಂದರೆ ಸ್ಟೇಷನ್‌ನ ಹೊರಗಿನ ಸಿಗ್ನಲ್ ಹತ್ತಿರವೇ, ನಿಂತುಬಿಡುತ್ತದೆ. ಬಾಗಿಲ ಹತ್ತಿರ ನಿಂತರೆ ಪ್ಲಾಟ್‌ಫಾರ್ಮಿನ ತುದಿ ಕಾಣುತ್ತದೆ, ಬೋರ್ಡಿನ ಮೇಲಿರುವ ಹೆಸರು ಓದಬಹುದು, ಅಷ್ಟು ಹತ್ತಿರ. ಅಷ್ಟರಲ್ಲಿ ನಾನು ಹತ್ತಬೇಕಾದ ಗಾಡಿಯೇ ಪಕ್ಕದ ಹಳಿಯಲ್ಲಿ ನಮ್ಮನ್ನು ದಾಟಿ ಒಳಗೆ ಹೋಗಿ, ನಿಂತು, ಜನರನ್ನು ಹತ್ತಿಸಿಕೊಂಡು ಹೊರಟೇ ಹೋಗುತ್ತದೆ. ಕೊನೆ ಬೋಗಿಯ ಕೆಂಪು ದೀಪ ಸಣ್ಣದಾಗ್ತಾ ಹೋಗುವುದನ್ನು ನೋಡ್ತಾ ನಿಂತಿರುತ್ತೇವೆ. ಆಮೇಲೆ ನಮಗೆ ಸಿಗ್ನಲ್ ಬೀಳುತ್ತದೆ. ಮುಂದಿನ ಗಾಡಿಗೆ ಒಂದು ಗಂಟೆ ಕಾಯಬೇಕು.

ನಮ್ಮ ಪ್ಲಾಟ್‌ಫಾರ್ಮ್ ಖಾಲಿಯೇ ಇರುತ್ತದಲ್ವಾ? ಮೊದಲು ನಮ್ಮನ್ನು ಒಳಗೆ ಬಿಟ್ಟರೆ ಏನು ಕಷ್ಟ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳಿಪಕ್ಕದವ:
ಸಿಗ್ನಲ್ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಪ್ಲಾಟ್‌ಫಾರ್ಮ್ ಖಾಲಿ ಇರುವುದು ಬೇರೆ, ಅಲ್ಲಿಗೆ ಹೋಗುವ ದಾರಿ ಖಾಲಿ ಇರುವುದು ಬೇರೆ. ನೀವು ನೋಡುತ್ತಿರುವುದು ಮೊದಲನೆಯದನ್ನು. ಸ್ಟೇಷನ್‌ಗೆ ಸ್ವಲ್ಪ ಮುಂಚೆ ಹಳಿಗಳು ಒಂದನ್ನೊಂದು ಕತ್ತರಿಸುವ ಜಾಗ ಇರುತ್ತದೆ, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳೆಲ್ಲ ಅಲ್ಲೇ ಇರುತ್ತವೆ. ನಿಮ್ಮ ಲೋಕಲ್ ತನ್ನ ಪ್ಲಾಟ್‌ಫಾರ್ಮಿಗೆ ಹೋಗಲು ಆ ದೂರದ ಗಾಡಿಯ ಹಳಿಯನ್ನು ದಾಟಬೇಕಿದ್ದರೆ, ಇಬ್ಬರಲ್ಲಿ ಒಬ್ಬರು ಕಾಯಲೇಬೇಕು.

ಹಾಗೆ ದಾಟುವುದು ಇಲ್ಲದಿದ್ದರೂ ಇನ್ನೊಂದು ವಿಷಯ ಇದೆ. ಡ್ರೈವರ್ ಬ್ರೇಕ್ ಹಾಕುವುದು ತಡವಾಗಿ ಗಾಡಿ ಕೆಂಪು ಸಿಗ್ನಲ್ ದಾಟಿ ಸ್ವಲ್ಪ ಮುಂದೆ ಹೋದರೆ ಅಪಘಾತ ಆಗಬಾರದು ಅಂತ, ಸಿಗ್ನಲ್‌ನ ಆಚೆಗೂ ಒಂದಿಷ್ಟು ಹಳಿ ಖಾಲಿ ಇಡುತ್ತಾರೆ. ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಭಾರತದಲ್ಲಿ ಬಣ್ಣದ ದೀಪದ ಸಿಗ್ನಲ್ ಇರುವ ಕಡೆ ಸಾಮಾನ್ಯವಾಗಿ 120 ಮೀಟರ್. ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿ ಎರಡೂ ಹಳಿ ಸೇರುತ್ತಿದ್ದರೆ, ನಿಮ್ಮ ಗಾಡಿಯ ಓವರ್‌ಲ್ಯಾಪ್ ಆ ಸೇರುವ ಜಾಗವನ್ನೇ ಹಿಡಿದುಬಿಡುತ್ತದೆ. ಆಗ ನಿಮ್ಮನ್ನು ಒಳಗೆ ಬಿಟ್ಟರೆ ದೂರದ ಗಾಡಿ ಹೊರಡುವ ಹಾಗಿಲ್ಲ.

ಇನ್ನು, ಒಂದು ಸಲ ಒಂದು ಗಾಡಿಗೆ ದಾರಿ ಹಾಕಿ ಅದು ಹತ್ತಿರ ಬಂದ ಮೇಲೆ ಸುಮ್ನೆ ಮನಸ್ಸು ಬದಲಿಸಲು ಆಗುವುದಿಲ್ಲ. ಸಿಗ್ನಲ್ ವಾಪಸ್ ಕೆಂಪು ಮಾಡಿದರೂ ಆ ದಾರಿ ಬಿಡುಗಡೆಯಾಗಲು ಸಾಮಾನ್ಯವಾಗಿ ಎರಡು ನಿಮಿಷ ಕಾಯಬೇಕು. ಅದು ಬೇಕೆಂದೇ ಇಟ್ಟ ತಡ.

ಮೂರನೇಬೋಗಿ:
ಮೇಲಿನವರು ಹೇಳಿದ್ದು ಸರಿ, ಆದರೆ ಇಬ್ಬರಲ್ಲಿ ಯಾರು ಕಾಯಬೇಕು ಅನ್ನುವುದನ್ನು ಕಂಟ್ರೋಲ್‌ನಲ್ಲಿ ಕೂತವರು ತೀರ್ಮಾನಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಲೋಕಲ್ ಸೋಲುತ್ತದೆ. ಕಾರಣವೂ ಇದೆ. ಲೋಕಲ್‌ಗೆ ಹಲವು ಬೋಗಿಗಳ ಕೆಳಗೆ ಮೋಟರ್ ಇರುತ್ತದೆ, ನಿಂತರೂ ಬೇಗ ವೇಗ ಹಿಡಿಯುತ್ತದೆ. ಎಂಜಿನ್ ಒಂದೇ ಎಳೆಯುವ ಉದ್ದದ ಗಾಡಿಯನ್ನು ನಿಲ್ಲಿಸಿದರೆ ಮತ್ತೆ ವೇಗಕ್ಕೆ ಬರಲು ಜಾಸ್ತಿ ಹೊತ್ತು ಬೇಕು. ಜೊತೆಗೆ ಅದನ್ನು ಔಟರ್‌ನಲ್ಲಿ ನಿಲ್ಲಿಸಿದರೆ ಬಾಲ ಹಿಂದಿನ ಪಾಯಿಂಟ್ ಮೇಲೇ ಉಳಿದು, ಹಿಂದೆ ಬರುವ ನಾಲ್ಕು ಗಾಡಿ ಸಿಕ್ಕಿಹಾಕಿಕೊಳ್ಳಬಹುದು.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಇದು ಒಪ್ಪಿಗೆಯಿಲ್ಲ. ದೂರದ ಗಾಡಿ ಮೂರು ನಿಮಿಷ ತಡವಾದರೆ ಲೆಕ್ಕದಲ್ಲಿ ಬರುತ್ತದೆ. ಲೋಕಲ್‌ನಿಂದ ಇಳಿದು ಓಡಿ ಬಂದ ನೂರು ಜನ ಒಂದು ಗಂಟೆ ಕೂತದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ನನ್ನ ತಾಯಿಗೆ ಮೊಣಕಾಲು ನೋವು. ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಎಷ್ಟು ಸಲ ಗಾಡಿ ಹೋಗಿದೆ ಅಂದರೆ, ಈಗ ಅವರು ಒಂದು ಲೋಕಲ್ ಮುಂಚೆಯೇ ಹೊರಡುತ್ತಾರೆ, ಅಲ್ಲಿ ಬೆಂಚಿನ ಮೇಲೆ ನಲವತ್ತು ನಿಮಿಷ ಕೂರುತ್ತಾರೆ.

ನಾಲ್ಕುಹಳಿ:
ಪರಿಹಾರ ಇಲ್ಲ ಅಂತಲ್ಲ. ಜಪಾನಿನಲ್ಲಿ ಎಷ್ಟೋ ಸ್ಟೇಷನ್‌ಗಳಲ್ಲಿ ಎರಡು ಅಗಲವಾದ ಪ್ಲಾಟ್‌ಫಾರ್ಮ್, ನಾಲ್ಕು ಹಳಿ. ಒಂದೇ ಪ್ಲಾಟ್‌ಫಾರ್ಮಿನ ಒಂದು ಬದಿಗೆ ಲೋಕಲ್ ಬಂದು ಬಾಗಿಲು ತೆರೆದು ನಿಂತಿರುತ್ತದೆ, ಇನ್ನೊಂದು ಬದಿಗೆ ವೇಗದ ಗಾಡಿ ಬರುತ್ತದೆ. ಜನ ಹತ್ತು ಹೆಜ್ಜೆ ನಡೆದು ಗಾಡಿ ಬದಲಿಸುತ್ತಾರೆ. ವೇಗದ ಗಾಡಿ ಮೊದಲು ಹೋಗುತ್ತದೆ, ಲೋಕಲ್ ಹಿಂದೆ ಹೊರಡುತ್ತದೆ. ಇಲ್ಲೂ ಲೋಕಲ್ ಕಾಯುತ್ತದೆ ನೋಡಿ, ಆದರೆ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತದೆ! ವ್ಯತ್ಯಾಸ ಅಷ್ಟೇ.

ಸ್ವಿಟ್ಜರ್ಲೆಂಡ್‌ನವರು ಟೈಮ್‌ಟೇಬಲ್ ಕಡೆಯಿಂದ ಹೊರಟರು. 1982ರಿಂದ ಅಲ್ಲಿ ದೇಶದ ತುಂಬ ಗಾಡಿಗಳು ಪ್ರತಿ ಗಂಟೆ ಅದೇ ನಿಮಿಷಕ್ಕೆ ಬರುತ್ತವೆ. ದೊಡ್ಡ ಸ್ಟೇಷನ್‌ಗಳಲ್ಲಿ ಎಲ್ಲ ಕಡೆಯ ಗಾಡಿಗಳೂ ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬಂದು ಸ್ವಲ್ಪ ಆಮೇಲೆ ಹೊರಡುವ ಹಾಗೆ ಕೂರಿಸಿದ್ದಾರೆ. ಗಾಡಿ ಬದಲಿಸುವವರನ್ನು ಲೆಕ್ಕಕ್ಕೆ ತೆಗೆದುಕೊಂಡೇ ಟೈಮ್‌ಟೇಬಲ್ ಬರೆದಿದ್ದಾರೆ ಅಂತಾಯಿತು. ಮುಂಬೈ ಕಡೆ ದಾರಿ ಬೇರೆ, ದೂರದ ಗಾಡಿಗೆ ಬೇರೆ ಹಳಿಯನ್ನೇ ಹಾಕುವುದು. ಠಾಣೆ–ದಿವಾ ನಡುವೆ 2022ರಲ್ಲಿ 5 ಮತ್ತು 6ನೇ ಹಳಿ ಶುರುವಾದದ್ದು ಇದಕ್ಕೇ. ಅದಕ್ಕೆ ಜಾಗ ಬೇಕು, ದುಡ್ಡು ಬೇಕು, ವರ್ಷಗಳು ಬೇಕು.

ಹಳಿಪಕ್ಕದವ:
@ಕಿಟಕಿಸೀಟು, ಹಳಿ ಬದಲಿಸುವುದು ನಮ್ಮ ಕೈಲಿಲ್ಲ, ಆದರೆ ಟೈಮ್ ಬದಲಿಸಿ ಅಂತ ಕೇಳಬಹುದು. ಬರೀ 'ದಿನಾ ಲೇಟ್' ಅಂತ ಬರೆದರೆ ಯಾರೂ ಓದುವುದಿಲ್ಲ. ಎರಡು ವಾರ ಬರೆದಿಡಿ: ಔಟರ್‌ನಲ್ಲಿ ನಿಂತದ್ದು ಎಷ್ಟಕ್ಕೆ, ದೂರದ ಗಾಡಿ ದಾಟಿದ್ದು ಎಷ್ಟಕ್ಕೆ, ನೀವು ಇಳಿದದ್ದು ಎಷ್ಟಕ್ಕೆ. ಲೋಕಲ್ ಹಿಂದಿನ ಸ್ಟೇಷನ್ನನ್ನು ನಾಲ್ಕು ನಿಮಿಷ ಮೊದಲು ಬಿಟ್ಟರೆ ಸಾಕು ಅಂತ ಆ ಕಾಗದದಲ್ಲೇ ಕಂಡರೆ, ಟೈಮ್‌ಟೇಬಲ್ ಮಾಡುವವರಿಗೆ ಅದು ಕೆಲಸಕ್ಕೆ ಬರುತ್ತದೆ.

ಕಿಟಕಿಸೀಟು:
ಎಲ್ಲರಿಗೂ ಧನ್ಯವಾದ. ಇವತ್ತು ಗಮನವಿಟ್ಟು ನೋಡಿದೆ. ನೀವು ಹೇಳಿದ ಹಾಗೇ ನಮ್ಮ ಲೋಕಲ್ ಆ ಹಳಿಯನ್ನು ದಾಟಿಯೇ ಆಚೆ ಬದಿಗೆ ಹೋಗುತ್ತದೆ, ಪಾಯಿಂಟ್ ಮೇಲೆ ಚಕ್ರ ಹಾಯುವಾಗ ಬೋಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿತು. ಇಷ್ಟು ವರ್ಷ ಆ ಅಲುಗಾಟ ಯಾಕೆ ಅಂತ ಯೋಚಿಸಿಯೇ ಇರಲಿಲ್ಲ. ಇವತ್ತು ಆರು ನಿಮಿಷ ನಿಂತಿದ್ದೆವು, ಪುಸ್ತಕದಲ್ಲಿ ಬರೆದಿದ್ದೇನೆ. ಅದೇ ಲೋಕಲ್‌ನಲ್ಲಿ ಬರುವ ಇನ್ನಿಬ್ಬರು ತಾವೂ ಬರೆದಿಡುತ್ತೇವೆ ಅಂದರು. ಎರಡು ವಾರ ಆದ ಮೇಲೆ ಇಲ್ಲೇ ಹಾಕುತ್ತೇನೆ, ಅರ್ಜಿ ಹೇಗೆ ಬರೆಯಬೇಕು ಅಂತ ಆಗ ಹೇಳಿ.