ಗ್ರೇಟ್ ಡೇನ್ ಮರಿ ತರಬೇಕು ಅಂತಿದ್ದೇವೆ, ಸಾಕಿದವರು ಅನುಭವ ಹೇಳ್ರಿ

ಗೋಕುಲ ರೋಡ್ ಮನೆ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ 30-40 ಸೈಟಿನ ಮನೆ ನಮ್ಮದು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮಗ ಹತ್ತನೇ ಮುಗಿಸಿದ, ಗ್ರೇಟ್ ಡೇನ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಬೆಳಗಾವಿ ಕಡೆ ಒಬ್ಬರು 45 ದಿನದ ಮರಿಗೆ 28,000 ಹೇಳಿದ್ದಾರೆ. ನಮಗೆ ಇದೇ ಮೊದಲ ನಾಯಿ. ಕೇಳೋದು ಎರಡೇ. ಹಿತ್ತಿಲು ಇಲ್ಲ, ಮುಂದೆ 10 ಅಡಿ ಜಾಗ ಇದೆ, ಸಾಲುತ್ತಾ? ತಿಂಗಳ ಖರ್ಚು ಎಷ್ಟಾಗುತ್ತೆ?

ಕೆಲಗೇರಿ ಕೆರೆ ದಂಡೆ:
ನಾನು ಸಾಕಿದ್ದೆ. 4 ವರ್ಷ 2 ತಿಂಗಳು. ಹೆಸರು ಪೈಲ್ವಾನ. ಖರ್ಚು ಕೇಳಿದಿರಲ್ಲ, ನನ್ನ ಹತ್ತಿರ ನೋಟಬುಕ್ಕೇ ಇದೆ. ನನ್ನ ಹೆಂಡತಿ ಬರೆದಿಟ್ಟದ್ದು.

ಮರಿಗೆ 22,000 ಕೊಟ್ಟೆ. ದೊಡ್ಡ ಖರ್ಚು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ, ಹುಚ್ಚ ನಾನು. ವರ್ಷಕ್ಕೆ 54 ಕೆಜಿ ಆದ, ಎರಡು ವರ್ಷಕ್ಕೆ 66. ಔಷಧ ತೂಕದ ಮೇಲೆ ಅನ್ನೋದು ಎಲ್ಲರಿಗೂ ಗೊತ್ತು, ಅದರ ಬಿಸಿ ತಟ್ಟೋದು ಮಾತ್ರ ಔಷಧ ಅಂಗಡಿ ಮುಂದೆ ನಿಂತಾಗ. ಪಕ್ಕದ ಮನೆ ಪೊಮೇರಿಯನ್‌ಗೆ ಜಂತಿನ ಗುಳಿಗೆ ಅರ್ಧ. ನಮ್ಮವನಿಗೆ ಏಳು. ಉಣ್ಣಿಗೆ ಬೆನ್ನ ಮೇಲೆ ಹಾಕುವ ಔಷಧ ಒಂದು ಟ್ಯೂಬು ಸಾಲುತ್ತಿರಲಿಲ್ಲ, ಎರಡು. ಊಟಕ್ಕೇ ತಿಂಗಳಿಗೆ 9,500. ಇದರಲ್ಲಿ ಕದ್ದು ತಿಂದದ್ದು ಸೇರಿಲ್ಲ. ಅಡುಗೆಮನೆ ಕಟ್ಟೆ ಅವನ ಗದ್ದದ ಎತ್ತರಕ್ಕೆ ಇತ್ತು, ಇನ್ನೇನು.

ನಮ್ಮ ಮನೆ ನೆಲ ಶಹಾಬಾದ ಕಲ್ಲು. ಆ ಭಾರ ಹಾಕಿಕೊಂಡು ಧೊಪ್ಪಂತ ಮಲಗಿ ಮಲಗಿ ಮೊಣಕೈ ಎರಡೂ ಬಾತು ಹುಣ್ಣಾದವು. ಅದಕ್ಕೆ ಗಾದಿ ಹೊಲಿಸಿದೆ, ಒಂದಕ್ಕೆ 2,400. ಐದು ಹೊಲಿಸಿದೆ, ಮೂರು ಹರಿದ. ಬಾಲದ ಕಥೆಯೇ ಬೇರೆ. ಖುಷಿಯಾದರೆ ಬಾಲ ಬೀಸುತ್ತಿದ್ದ, ಗೋಡೆಗೆ ಬಡಿದು ತುದಿ ಒಡೆಯೋದು, ರಕ್ತ ಛಾವಣಿವರೆಗೆ ಸಿಡಿಯೋದು. ಎರಡೂವರೆ ತಿಂಗಳು ಬ್ಯಾಂಡೇಜು. ವಾಸಿಯಾಗುತ್ತಾ ಬಂತು ಅನ್ನುವಾಗ ನಮ್ಮ ಮಾವ ಊರಿಂದ ಬರೋರು, ಮತ್ತೆ ಖುಷಿ, ಮತ್ತೆ ರಕ್ತ. ಆಮೇಲೆ ಮನೆಗೆ ಬಣ್ಣ ಹೊಡೆಸಿದ್ದು 11,000.

ಜೂನ್ ತಿಂಗಳು, ಜಿಟಿಜಿಟಿ ಮಳೆ. ರಾತ್ರಿ ಎಂಟೂವರೆಗೆ ಊಟ ಮಾಡಿದ. ಹತ್ತೂವರೆಗೆ ಅತ್ತಿಂದಿತ್ತ ಓಡಾಡೋಕೆ ಶುರು. ವಾಂತಿ ಮಾಡೋಕೆ ನೋಡುತ್ತಾನೆ, ನೊರೆ ಬಿಟ್ಟರೆ ಏನೂ ಬರೋದಿಲ್ಲ. ಹೊಟ್ಟೆ ತಟ್ಟಿದರೆ ಡೊಳ್ಳಿನ ಹಂಗೆ ಸದ್ದು. ನಾವು ಅಜೀರ್ಣ ಅಂದುಕೊಂಡು ಓಂಕಾಳು ನೀರು ಕುಡಿಸಿದೆವು. ಅಲ್ಲಿ ಒಂದು ತಾಸು ಹೋಯಿತು. ಆಮೇಲೆ ಅವನಿಗೆ ಏಳೋಕೇ ಆಗಲಿಲ್ಲ. ನಮ್ಮವ್ವ ಹೊಲಿದ ಕೌದಿಯಲ್ಲಿ ಹಾಕಿಕೊಂಡು ನಾಲ್ಕು ಜನ ಹೊತ್ತು ಕಾರಿಗೆ ತುಂಬಿದೆವು. ಮೊದಲು ಹೋದ ಕಡೆ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಬೆಳಿಗ್ಗೆ ಬನ್ನಿ ಅಂದರು. ಎರಡನೇ ಕಡೆ ಎಕ್ಸ್‌ರೇ ತೆಗೆದು, ಜಠರ ತಿರುಚಿಕೊಂಡಿದೆ, ಈಗಲೇ ಕೊಯ್ಯಬೇಕು ಅಂದರು. ಬೆಳಗಿನ ಜಾವ ನಾಲ್ಕಕ್ಕೆ ಮೇಜಿನ ಮೇಲೇ ಹೋದ. ಬಿಲ್ 31,400. ಅಮ್ಮಿನಭಾವಿ ಹತ್ತಿರ ಗೆಳೆಯನ ಹೊಲದಲ್ಲಿ ಮಣ್ಣು ಮಾಡಿದೆವು. ಎರಿ ನೆಲ, ಮಳೆಗೆ ಕೆಸರಾಗಿತ್ತು, ಸಲಿಕೆಯಲ್ಲಿ ಆಗಲಿಲ್ಲ. ಜೆಸಿಬಿಗೆ 1,800.

ಎದೆ ಆಳ ಇರುವ ದೊಡ್ಡ ನಾಯಿಗಳಿಗೆ ಇದು ಬರೋದು ಜಾಸ್ತಿ. ಬೀಜ ತೆಗೆಸುವಾಗಲೇ ಜಠರವನ್ನು ಪಕ್ಕೆಯ ಗೋಡೆಗೆ ಸೇರಿಸಿ ಹೊಲಿಗೆ ಹಾಕಿಸಬಹುದು, ಆಗ ತಿರುಚೋದು ತಪ್ಪುತ್ತೆ. ಇದನ್ನ ನನಗೆ ಯಾರೂ ಹೇಳಲಿಲ್ಲ. ಮಾರಿದವನೂ ಹೇಳಲಿಲ್ಲ, ಲಸಿಕೆ ಹಾಕಿದವರೂ ಹೇಳಲಿಲ್ಲ.

ಬೆಟಗೇರಿ ಸೇಂಟ್ ಬರ್ನಾರ್ಡ್:
ಡೇನ್ ಬಿಡ್ರಿ. ನಮ್ಮದು ಸೇಂಟ್ ಬರ್ನಾರ್ಡ್, ಹೆಸರು ಗಂಗಿ, 58 ಕೆಜಿ, ಈಗ ಆರು ವರ್ಷ. ಗದಗಿನ ಬಿಸಿಲಿನಲ್ಲಿ ಆಗೋದಿಲ್ಲ ಅಂತ ಊರೆಲ್ಲಾ ಹೇಳಿತು. ಆರು ಬೇಸಿಗೆ ದಾಟಿಸಿದ್ದೇನೆ.

ಹೇಗೆ ಅಂತ ಕೇಳಿ. ಒಂದೂವರೆ ಟನ್ ಎಸಿ, 41,000. ಏಪ್ರಿಲ್, ಮೇ ಎರಡು ತಿಂಗಳು ಕರೆಂಟ್ ಬಿಲ್ 6,000ಕ್ಕೆ ಕಡಿಮೆ ಬಂದದ್ದಿಲ್ಲ. "ಅಪ್ಪ ಇದ್ದಾಗ ಒಂದು ಕೂಲರ್ ತರಲಿಲ್ಲ, ನಾಯಿಗೆ ಎಸಿ ಹಾಕಿಸಿದ" ಅಂತ ನಮ್ಮ ಕಾಕಾ ಇವತ್ತಿಗೂ ಮದುವೆ ಮನೆಯಲ್ಲಿ ಎತ್ತುತ್ತಾರೆ. ಕರೆಂಟ್ ಹೋದರೆ ಇನ್ವರ್ಟರ್‌ಗೆ ಎಸಿ ಎಳೆಯೋಕೆ ಆಗೋದಿಲ್ಲ. ಆಗ ನೆಲಕ್ಕೆ ನೀರು ಸುರಿದು, ಒದ್ದೆ ಗೋಣಿಚೀಲ ಹಾಸಿ, ಐಸ್ ಗಡ್ಡೆ ತಂದು ಬುಟ್ಟಿಯಲ್ಲಿಟ್ಟು ಫ್ಯಾನು ಬೀಸಬೇಕು. ಅದೂ ನಾನು ಬೀಸಬೇಕು, ಕೈಯಲ್ಲಿ. ಹೊರಗೆ ಒಯ್ಯೋದು ಬೆಳಿಗ್ಗೆ ಐದಕ್ಕೆ, ರಾತ್ರಿ ಹತ್ತಕ್ಕೆ. ಮೊದಲ ವರ್ಷ ಯಾರದ್ದೋ ಮಾತು ಕೇಳಿ ಕೂದಲು ಬೋಳಿಸಿದೆ. ಚರ್ಮ ಸುಟ್ಟು ಗುಳ್ಳೆ ಎದ್ದು 7,300 ಖರ್ಚು. ಕೂದಲು ಮತ್ತೆ ಬಂದದ್ದು ತೇಪೆ ತೇಪೆಯಾಗಿ.

ಜೊಲ್ಲಂತೂ ಕೇಳಬೇಡಿ. ತಲೆ ಒಂದು ಸಲ ಒದರಿದರೆ ಗೋಡೆ ಮೇಲಿನ ದೇವರ ಫೋಟೋಕ್ಕೂ ಪ್ರೋಕ್ಷಣೆ. ರಸ್ತೆಯಲ್ಲಿ ಸಿಕ್ಕವರೆಲ್ಲಾ "ಕೊರಳಲ್ಲಿ ಬ್ರಾಂದಿ ಪೀಪಾಯಿ ಎಲ್ಲಿ" ಅಂತಾರೆ. ಆ ಪೀಪಾಯಿ ಚಿತ್ರ ಬರೆಯೋರು ಹುಟ್ಟಿಸಿದ್ದು. ಹಿಮದಲ್ಲಿ ಸಿಕ್ಕಿಬಿದ್ದವರನ್ನ ಹುಡುಕೋಕೆ ಈ ನಾಯಿ ಸಾಕಿದ್ದ ಸ್ವಿಟ್ಜರ್ಲೆಂಡಿನ ಮಠದಲ್ಲಿ ಬ್ಯಾರಿ ಅನ್ನೋ ನಾಯಿ ಇದ್ದದ್ದು ನಿಜ, 1800ರಲ್ಲಿ ಹುಟ್ಟಿ 1814ರಲ್ಲಿ ಸತ್ತಿತು, ಈಗಲೂ ಬರ್ನ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಪೀಪಾಯಿ ಮಾತ್ರ ಸುಳ್ಳು. ನೂರು ಸಲ ಹೇಳಿ ಬಾಯಿ ನೋಯುತ್ತೆ.

ಕೆಲಗೇರಿಯವರೇ, ಬೇಜಾರಾಗಬೇಡಿ, ನಿಮ್ಮ ನಾಯಿಗೆ ಬಟ್ಟಲು ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟು ಉಣಿಸಿದ್ದರೆ ಹಂಗೆ ಆಗುತ್ತಿರಲಿಲ್ಲ. ಉಂಡ ಮೇಲೆ ಆಟ ಆಡಿಸಿದ್ದೀರಿ ಅನ್ನಿಸುತ್ತೆ.

ಕೆಲಗೇರಿ ಕೆರೆ ದಂಡೆ:
ಬೆಟಗೇರಿಯವರೇ, ಸ್ಟ್ಯಾಂಡ್ ಇತ್ತು. ವೆಲ್ಡಿಂಗ್ ಅಂಗಡಿಯಲ್ಲಿ 1,350 ಕೊಟ್ಟು ಮಾಡಿಸಿದ್ದೆ. ಅವನು ಹೋದ ಮೇಲೆ ಓದಿದೆ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲೇ ಹೇಳಿದ್ದಾರೆ, ಎತ್ತರದ ಬಟ್ಟಲಲ್ಲಿ ಉಂಡ ನಾಯಿಗಳಲ್ಲೇ ಈ ರೋಗ ಜಾಸ್ತಿ ಕಂಡಿತು ಅಂತ. ಇಷ್ಟು ದಿನ ಆ ಸ್ಟ್ಯಾಂಡ್ ನೋಡಿದಾಗೆಲ್ಲ ನನಗೆ ಏನಾಗುತ್ತೆ ಅಂತ ನಿಮಗೆ ಗೊತ್ತಾ? ಎಸಿ ರೂಮಿನಲ್ಲಿ ಕೂತು ಬುದ್ಧಿ ಹೇಳಬೇಡಿ.

ಬೆಟಗೇರಿ ಸೇಂಟ್ ಬರ್ನಾರ್ಡ್:
ನಾನು ಸುಮ್ನೆ ಹೇಳಿದೆ ರೀ. ಎಲ್ಲಾ ಡಾಕ್ಟರೂ ಸ್ಟ್ಯಾಂಡ್ ಅಂತಲೇ ಹೇಳುತ್ತಿದ್ದರು. ಗಂಗಿ ಈಗಲೂ ಅದರ ಮೇಲೇ ಉಣ್ಣುತ್ತಾಳೆ.

ಬ್ಯಾಡಗಿ ಮೆಣಸಿನಕಾಯಿ:
ಇಬ್ಬರೂ ಅಳುತ್ತಾ ಕೂತಿದ್ದೀರಿ. ಹಿಮದ ನಾಯಿ ಗದಗಿಗೆ, ಜರ್ಮನಿ ನಾಯಿ ಧಾರವಾಡಕ್ಕೆ! ಹೌದು, ಗ್ರೇಟ್ ಡೇನ್ ಅಂದರೆ ಡೆನ್ಮಾರ್ಕ್ ನಾಯಿ ಅಲ್ಲ, ಅದನ್ನ ಬೆಳೆಸಿದ್ದು ಜರ್ಮನಿಯವರು. ಅದೂ ಗೊತ್ತಿರಲಿಕ್ಕಿಲ್ಲ.

ನಮ್ಮ ಪಕ್ಕದ ಮುಧೋಳದಲ್ಲೇ ಚಿನ್ನದಂಥ ಬೇಟೆನಾಯಿ ಇದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ನಾಯಿ ಇದು. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆಯವರು ಮರಿ ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟರು. ನಾನು ತಿಮ್ಮಾಪುರದ ಸಂಶೋಧನಾ ಕೇಂದ್ರಕ್ಕೆ ಹೋಗಿ, ಪಾಳಿ ಹಚ್ಚಿ, ಕಾಗದಪತ್ರದ ಸಮೇತ ತಂದವನು. ಹೆಸರು ಬಾಣ. 24 ಕೆಜಿ. ಬೆಳಿಗ್ಗೆ ಜೋಳದ ರೊಟ್ಟಿ ಹಾಲಲ್ಲಿ ನೆನೆಸಿದ್ದು, ರಾತ್ರಿ ನುಚ್ಚು, ಮೊಟ್ಟೆ, ವಾರಕ್ಕೆ ಎರಡು ಸಲ ಮಾಂಸ. ತಿಂಗಳಿಗೆ 1,800 ದಾಟಿಲ್ಲ. ಮೆಣಸಿನಕಾಯಿ ಕಣ ಕಾಯೋಕೆ ಎರಡು ಆಳು ಇಡುತ್ತಿದ್ದೆ, ಈಗ ಒಂದೇ.

ಖರ್ಚು ಇಲ್ಲ ಅನ್ನೋದಿಲ್ಲ. ಒಂದು ಸಲ ಮುಳ್ಳುತಂತಿಗೆ ತೊಡೆ ಹರಿದುಕೊಂಡ. ಇವುಗಳ ಚರ್ಮ ತೆಳು, ಪಂಚೆ ಹರಿದ ಹಂಗೆ ಹರಿಯುತ್ತೆ. 22 ಹೊಲಿಗೆ. ಮೈಯಲ್ಲಿ ಕೊಬ್ಬೇ ಇರೋದಿಲ್ಲ, ಅದಕ್ಕೆ ಕೆಲವು ಮಂಪರು ಔಷಧ ಬೇಗ ಇಳಿಯೋದಿಲ್ಲ. ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಒಂದೂವರೆ ದಿನ ಎಚ್ಚರ ಇಲ್ಲದೆ ಮಲಗಿದ್ದ, ನಾನೂ ಪಕ್ಕದಲ್ಲೇ ಕೂತಿದ್ದೆ. 4,600 ಆಯಿತು. ಆದರೂ ನಿಮ್ಮ ಎರಡು ತಿಂಗಳ ಕರೆಂಟ್ ಬಿಲ್‌ಗಿಂತ ಕಡಿಮೆ.

ಕೇಶ್ವಾಪುರ ಮೂರನೇ ಮಹಡಿ:
ಈ ಮುಧೋಳ ಭಜನೆ ಕೇಳಿಯೇ ನಾನು ಹಾಳಾದದ್ದು. ದೇಶಿ ತಳಿ, ಖರ್ಚಿಲ್ಲ, ರೋಗವಿಲ್ಲ ಅಂತ ತಂದೆ. ಕಣ ಇರೋರಿಗೆ ಸರಿ, ಫ್ಲ್ಯಾಟಿನಲ್ಲಿ? ಕಣ್ಣಿಗೆ ಏನು ಅಲುಗಾಡಿದರೂ ಬೆನ್ನು ಹತ್ತೋದು ಅದರ ರಕ್ತದಲ್ಲೇ ಇದೆ. ಬೆಕ್ಕು, ಸ್ಕೂಟರು, ಗಾಳಿಪಟ, ಏನಾದರೂ ಸರಿ. ನಾನು ಆಫೀಸಿಗೆ ಹೋದರೆ ಸೋಫಾ ಬಗೆದು ಹತ್ತಿ ತೆಗೆಯೋದು. ಸೋಫಾ 18,000. ಆರು ಅಡಿ ಕಂಪೌಂಡ್ ನಿಂತಲ್ಲಿಂದಲೇ ಹಾರಿ ಹಾಲಿನವನ ಬೈಕಿಗೆ ಅಡ್ಡ ಹೋಯಿತು. ಅವನ ಮೊಣಕಾಲು, ಬೈಕು, 40 ಲೀಟರ್ ಹಾಲು, ಎಲ್ಲಾ ಸೇರಿ 14,700. ಸೊಸೈಟಿಯವರು ನೋಟಿಸು ಕೊಟ್ಟರು. ಕೊನೆಗೆ ನವಲಗುಂದದಲ್ಲಿ ನಮ್ಮ ಭಾವನ ಹೊಲಕ್ಕೆ ಬಿಟ್ಟು ಬಂದೆ. ಅಲ್ಲಿ ಆರಾಮಾಗಿದೆ. ನಾನು ಹೋದರೆ ದೂರದಿಂದ ನೋಡಿ ಸುಮ್ನೆ ನಿಲ್ಲುತ್ತೆ, ಹತ್ತಿರ ಬರೋದಿಲ್ಲ.

ಬ್ಯಾಡಗಿ ಮೆಣಸಿನಕಾಯಿ:
ಓಡೋ ನಾಯಿ ತಂದು ಮೂರನೇ ಮಹಡಿಯಲ್ಲಿ ಕಟ್ಟಿ ಹಾಕಿ ನಾಯಿಗೆ ಬೈತೀರಿ. ತಪ್ಪು ಯಾರದ್ದು? ನಿಮ್ಮದು ಅಸಲು ಮುಧೋಳವೇ ಇರಲಿಕ್ಕಿಲ್ಲ ಬಿಡಿ. ಸಂತೆಯಲ್ಲಿ ಸಣ್ಣ ಹೊಟ್ಟೆ, ಉದ್ದ ಮೂತಿ ಇದ್ದದ್ದೆಲ್ಲಾ ಮುಧೋಳ ಅಂತ ಮಾರುತ್ತಾರೆ.

ಕೇಶ್ವಾಪುರ ಮೂರನೇ ಮಹಡಿ:
ಕಾಗದ ನನ್ನ ಹತ್ತಿರವೂ ಇದೆ ಸ್ವಾಮಿ. ಕಾಗದ ನೋಡಿ ಅದು ಸೋಫಾ ಹರಿಯೋದು ಬಿಡಲಿಲ್ಲ.

ರಾಣೇಬೆನ್ನೂರು ವಕೀಲರ ಮನೆ:
ಒಂದು ಮಾತು ಯಾರೂ ಹೇಳಲಿಲ್ಲ. 45 ದಿನದ ಮರಿ ಮಾರೋದೇ ತಪ್ಪು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಅಷ್ಟು ಬೇಗ ತಾಯಿ ಬಿಡಿಸುವವನು ಬೇರೆ ವಿಷಯದಲ್ಲಿ ಎಷ್ಟು ನೆಟ್ಟಗಿರುತ್ತಾನೆ ಯೋಚನೆ ಮಾಡಿ.

ಇನ್ನೊಂದು, ದೊಡ್ಡ ನಾಯಿ ಎಲ್ಲಾ ನಿಷೇಧ ಆಗಿದೆ ಅಂತ ನಿಮ್ಮ ಬಾಡಿಗೆಯವರು ಹೆದರಿಸಬಹುದು. ಕೇಂದ್ರ 2024ರ ಮಾರ್ಚ್‌ನಲ್ಲಿ 23 ತಳಿ ನಿಷೇಧಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ರಾಟ್‌ವೀಲರ್, ಪಿಟ್‌ಬುಲ್, ಮ್ಯಾಸ್ಟಿಫ್ ಎಲ್ಲಾ ಅದರಲ್ಲಿದ್ದವು, ಗ್ರೇಟ್ ಡೇನ್ ಇರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಆ ಸುತ್ತೋಲೆ ರದ್ದು ಮಾಡಿತು. ನನ್ನ ರಾಟ್‌ವೀಲರ್‌ಗೆ ಆ ಒಂದು ತಿಂಗಳು ಓಣಿಯಲ್ಲಿ ಕೊಟ್ಟ ಕಾಟ ನಾನು ಮರೆತಿಲ್ಲ. ಗೇಟಿಗೆ ಪತ್ರಿಕೆಯ ತುಂಡು ಅಂಟಿಸಿ ಹೋಗುತ್ತಿದ್ದರು.

ಬೆಟಗೇರಿ ಸೇಂಟ್ ಬರ್ನಾರ್ಡ್:
ರಾಟ್‌ವೀಲರ್ ಅಂದರೆ ಜನ ಹೆದರೋದು ಸುಮ್ನೆ ಅಲ್ಲ ವಕೀಲರೇ.

ರಾಣೇಬೆನ್ನೂರು ವಕೀಲರ ಮನೆ:
ಏಳು ವರ್ಷದಲ್ಲಿ ಒಬ್ಬರನ್ನೂ ಕಚ್ಚಿಲ್ಲ. ನಿಮ್ಮ ಗಂಗಿ ಕೊರಿಯರ್ ಹುಡುಗನನ್ನು ಕೆಡವಿದ ಕಥೆ ನೀವೇ ಹಿಂದೆ ನಗುತ್ತಾ ಬರೆದಿದ್ದಿರಿ.

ಬೆಟಗೇರಿ ಸೇಂಟ್ ಬರ್ನಾರ್ಡ್:
ಅದು ಪ್ರೀತಿಗೆ ಕೆಡವಿದ್ದು.

ಮಾಳಮಡ್ಡಿ ಅಕ್ಕ:
ಜಗಳ ಸಾಕು. ನಮ್ಮ ಡೇನ್‌ಗೆ ಮಾರಿದವರು ಹೇಳಿದ್ದಾರೆ ಅಂತ ದಿನಾ ಕ್ಯಾಲ್ಸಿಯಂ ಸಿರಪ್ ಹಾಕಿದೆ, ಮೂಳೆ ಗಟ್ಟಿಯಾಗಲಿ ಅಂತ. ಐದು ತಿಂಗಳಿಗೆ ಮುಂಗಾಲು ಎರಡೂ ಬಾಗಿದವು. ದೊಡ್ಡ ತಳಿ ಮರಿಗೆ ಜಾಸ್ತಿ ಬಿದ್ದ ಕ್ಯಾಲ್ಸಿಯಂ ತಡೆಯೋ ಶಕ್ತಿ ಇರೋದಿಲ್ಲವಂತೆ, ಮೂಳೆ ಅಡ್ಡಾದಿಡ್ಡಿ ಬೆಳೆಯುತ್ತೆ. ನಿಧಾನವಾಗಿ ಬೆಳೆಸಬೇಕಂತೆ. ಯಜಮಾನರು ಇನ್ನೂ ಅನ್ನುತ್ತಾರೆ, ನಿನ್ನ ಕೈಯಾರೆ ಕುಂಟ ಮಾಡಿದೆ ಅಂತ. ಎಂಟು ತುಂಬಿದೆ ಈಗ, ಕುಂಟುತ್ತಾ ನನ್ನ ಹಿಂದೆಯೇ ತಿರುಗುತ್ತೆ.

ಬ್ಯಾಡಗಿ ಮೆಣಸಿನಕಾಯಿ:
ರೊಟ್ಟಿ ಹಾಕಿದ್ದರೆ ಸಿರಪ್ ಬೇಕಾಗುತ್ತಿರಲಿಲ್ಲ ಅಕ್ಕಾರ.

ಮಾಳಮಡ್ಡಿ ಅಕ್ಕ:
ನಿಮ್ಮ ರೊಟ್ಟಿ ನೀವೇ ತಿನ್ನಿ ತಮ್ಮಾ.

ಗೋಕುಲ ರೋಡ್ ಮನೆ:
ಎಲ್ಲರಿಗೂ ಧನ್ಯವಾದ. 10 ಅಡಿ ಜಾಗ ಸಾಲುತ್ತಾ ಅಂತ ಯಾರೂ ಹೇಳಲಿಲ್ಲ, ಇರಲಿ. ನಿನ್ನೆ ನೋಡಿ ಬರೋಣ ಅಂತ ಬೆಳಗಾವಿಗೆ ಹೋಗಿದ್ದೆವು. ಮಗ ಎತ್ತಿಕೊಂಡವನು ಕೆಳಗೆ ಇಳಿಸಲೇ ಇಲ್ಲ. 5,000 ಮುಂಗಡ ಕೊಟ್ಟು ಬಂದೆ. ಎಂಟು ವಾರ ತುಂಬಿದ ಮೇಲೇ ಒಯ್ಯುತ್ತೇವೆ ಅಂತ ಹೇಳಿದ್ದೇವೆ. ಕೆಲಗೇರಿಯವರೇ, ಆ ಜಠರದ ಹೊಲಿಗೆ ಹಾಕುವವರು ನಮ್ಮ ಕಡೆ ಯಾರಾದರೂ ಇದ್ದಾರಾ?

ಕೆಲಗೇರಿ ಕೆರೆ ದಂಡೆ:
ಫೋನ್ ಮಾಡಿ, ಹೇಳುತ್ತೇನೆ. ಎರಡು ಗಾದಿ ಚೆನ್ನಾಗಿವೆ, ಭಾನುವಾರ ಬಂದು ಒಯ್ಯಿರಿ. ಸ್ಟ್ಯಾಂಡ್ ಕೇಳಬೇಡಿ, ಗುಜರಿಗೆ ಹಾಕಿದೆ. ಕೌದಿಯೂ ಕೊಡೋದಿಲ್ಲ.