ಅಜ್ಜಿಯ ಬದುಕನ್ನು ಪುಟ್ಟ ಪುಸ್ತಕ ಮಾಡ್ತಿದ್ದೇವೆ. ಗೇಣಿ, ಮುಳುಗಡೆಯ ವರ್ಷಗಳನ್ನು ಹೇಗೆ ಬರೆಯೋದು?

ಸಾಗರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗದ್ದೆ ಕೊಯ್ಲು ಮುಗಿದ ಮೇಲೆ ನಮ್ಮಜ್ಜಿ ತೀರಿಕೊಂಡರು. ವರ್ಷದ ಕಾರ್ಯಕ್ಕೆ ಬರುವ ನೆಂಟರಿಷ್ಟರ ಕೈಗೆ ಅಜ್ಜಿಯ ಬಗ್ಗೆ ಒಂದು ಪುಟ್ಟ ಪುಸ್ತಕ ಕೊಡಬೇಕು ಅಂತ ಮೊಮ್ಮಕ್ಕಳೆಲ್ಲ ಮಾತಾಡಿಕೊಂಡಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಮ್ಮದು ಸಾಗರ ತಾಲೂಕಿನ ದೀವರ ಮನೆ. ಅಜ್ಜಿಗೆ ಓದು ಬರಹ ಇರಲಿಲ್ಲ. ಆಧಾರಿನಲ್ಲಿ ಹುಟ್ಟಿದ ದಿನ 1940ರ ಜನವರಿ 1 ಅಂತಿದೆ, ಅದು ಬರೆದುಕೊಂಡವರು ಅಂದಾಜಿಗೆ ಹಾಕಿದ್ದು. ಅಜ್ಜಿ ಹೇಳ್ತಿದ್ದ ಲೆಕ್ಕವೇ ಬೇರೆ. "ಕಾಗೋಡು ಗಲಾಟೆ ವರ್ಷ ನಾನು ತಮ್ಮನ್ನ ಸೊಂಟದ ಮ್ಯಾಲೆ ಹೊತ್ಕಂಡು ತಿರುಗ್ತಿದ್ದೆ. ಮುಳುಗಡೆ ಆದಾಗ ನಿನ್ನ ದೊಡ್ಡತ್ತೆ ಗಾಡಿ ಹಿಂದೆ ನಡೀತಿದ್ಲು, ದೊಡ್ಡಪ್ಪ ಮಡ್ಲಾಗಿದ್ದ." ಇಷ್ಟೇ ಅವರ ತಾರೀಖು.

ಅಜ್ಜಿ ಹೇಗಿದ್ದರು ಅಂತ ಹೇಳೋಕೆ ಹೊರಟರೆ ನನಗೆ ಮೊದಲು ಕಣ್ಮುಂದೆ ಬರೋದು ಭೂಮಣ್ಣಿ ಬುಟ್ಟಿ, ಅಂದರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯೋ ಚಿತ್ತಾರದ ಬುಟ್ಟಿ. ನವರಾತ್ರಿ ಕಳೀತಿದ್ದ ಹಾಗೇ ಬಿದಿರು ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಜಗಲಿಯ ಬೆಳಕಿಗೆ ಇಟ್ಟುಕೊಂಡು ಕೂರುತ್ತಿದ್ದರು. ಪುಂಡಿ ನಾರಿನ ಕುಂಚ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ. ಎಳೆ ಎಳೆಯುವಾಗ ಉಸಿರು ಬಿಗಿಹಿಡಿದು, ಗೆರೆ ತುದಿ ಮುಟ್ಟಿದ ಮೇಲೆ "ಹ್ಞಂ" ಅಂತ ಬಿಡೋರು. ನಾವು ಮಕ್ಕಳು ಆ "ಹ್ಞಂ" ಬರೋ ತನಕ ಅಲ್ಲಾಡುವ ಹಾಗಿಲ್ಲ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಹಚ್ಚಂಬ್ಲಿಗೆ ಸೊಪ್ಪು ಬೇಯಿಸಿ, ಕೊಟ್ಟೆ ಕಡುಬು ಇಳಿಸಿ, ಬೆಳಕು ಹರಿಯೋ ಮೊದಲೇ ಬುಟ್ಟಿ ಗಂಡಸರ ತಲೆ ಮೇಲೇರಿಸಿ ಗದ್ದೆಗೆ ಕಳಿಸೋರು. ತುಂಬಿದ ಬಸುರಿ ಭೂಮಿತಾಯಿಗೆ ಬಯಕೆ ಊಟ ತಡವಾಗಬಾರದು ಅಂತ ಮನೆಯವರನ್ನೆಲ್ಲ ಓಡಾಡಿಸಿಬಿಡೋರು.

ಇದನ್ನೆಲ್ಲ ಬರೆಯೋದು ಕಷ್ಟವಿಲ್ಲ. ತೊಡಕು ಬಂದಿರೋದು ಅದಕ್ಕೂ ಹಿಂದಿನದಕ್ಕೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದು ಊರು ಮುಳುಗಿದಾಗ ನಾವು ಗೇಣಿಗೆ ಮಾಡ್ತಿದ್ದ ಗದ್ದೆ ಒಡೆಯರ ಹೆಸರಲ್ಲಿತ್ತು, ಹಾಗಾಗಿ ಪರಿಹಾರವೂ ಅವರಿಗೇ ಹೋಯ್ತು. ಹೊಸ ಊರಿಗೆ ಬಂದು ಅಜ್ಜಿ ವರ್ಷಗಟ್ಟಲೆ ಬೇರೆಯವರ ಅಡಿಕೆ ತೋಟಕ್ಕೆ ಕೂಲಿಗೆ ಹೋಗಿದ್ದಾರೆ, ಆಮೇಲೆ ಮತ್ತೆ ಗೇಣಿಗೆ ಗದ್ದೆ ಹಿಡಿದಿದ್ದಾರೆ. ದೊಡ್ಡತ್ತೆಗೆ ಇದು ಪುಸ್ತಕದಲ್ಲಿ ಬರೋದು ಸುತಾರಾಂ ಇಷ್ಟವಿಲ್ಲ. "ನಾಲ್ಕು ಜನ ಓದೋದ್ರಲ್ಲಿ ಅಮ್ಮನ ಬಡತನ ಯಾಕೆ?" ಅಂತಾರೆ. ಆ ವರ್ಷಗಳನ್ನು ಬಿಟ್ಟರೆ ಅಜ್ಜಿಯ ಅರ್ಧ ಆಯುಷ್ಯವನ್ನೇ ಬಿಟ್ಟ ಹಾಗೆ ಅನ್ನಿಸ್ತದೆ ನನಗೆ. ಮನೆಯ ಹಿರಿಯರ ಬಗ್ಗೆ ಬರೆದವರು ಇಲ್ಲಿ ಯಾರಾದರೂ ಇದ್ದರೆ, ಇಂಥದ್ದನ್ನ ಹೇಗೆ ಸಂಭಾಳಿಸಿದಿರಿ ಹೇಳಿ.

ನಿವೃತ್ತ ಗುಮಾಸ್ತ:

ತಂಗೀ, ಮೊದಲು ಇಸವಿ ವಿಚಾರ. ಗೇಣಿದಾರರ ಕಾಗೋಡು ಸತ್ಯಾಗ್ರಹ 1951, ಸಮಾಜವಾದಿ ನಾಯಕ ಲೋಹಿಯಾ ಬಂದು ದಸ್ತಗಿರಿ ಆದದ್ದೂ ಅದೇ ವರ್ಷ. ತಮ್ಮನನ್ನು ಹೊತ್ತು ತಿರುಗುವ ಹುಡುಗಿ ಅಂದರೆ ಒಂಬತ್ತು ಹತ್ತು ವರ್ಷ ಇಟ್ಟುಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಅಷ್ಟೊತ್ತಿಗೆ ಎರಡು ಮಕ್ಕಳ ತಾಯಿ. ಎರಡೂ ಹೊಂದುತ್ತವೆ. "1941ರ ಸುಮಾರಿಗೆ" ಅಂತ ಬರೆದು, ಅಜ್ಜಿ ಹೇಳಿದ ಮಾತನ್ನೇ ಕೆಳಗೆ ಹಾಕಿ. ಆಧಾರಿನ ತಾರೀಖು ಹಾಕಬೇಡಿ.

ಇನ್ನೊಂದು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರು, ಹಕ್ಕು ಸಿಕ್ಕವರಿಗೆ ನಮೂನೆ 10 ಬಂತು. ನಿಮ್ಮ ಮನೆಯ ಟ್ರಂಕಿನಲ್ಲಿ ನಮೂನೆ 10 ಇದ್ದೇ ಇರುತ್ತದೆ, ಹುಡುಕಿ. ಪಹಣಿಯ ಸರ್ವೆ ನಂಬರ್ ಹಿಡಿದುಕೊಂಡು ಹೋಗಿ ತಾಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ಹಳೇ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅದೃಷ್ಟವಿದ್ದರೆ ನಿಮ್ಮ ಅಜ್ಜನ ಹೇಳಿಕೆ, ಹೆಬ್ಬೆಟ್ಟಿನ ಗುರುತು ಎಲ್ಲ ಸಿಗುತ್ತದೆ. ಆ ಹಾಳೆ ಪುಸ್ತಕದಲ್ಲಿ ಬಂದರೆ ಅದು ಬಡತನದ ಮಾತಲ್ಲ, ಭೂಮಿ ಗೆದ್ದ ಮಾತು.

ಧಾರವಾಡದಾಕಿ:

ನಮ್ಮ ಆಯಿ ಬಗ್ಗೆ ನಾನೂ ಬರದೇನ್ರಿ. 72ರ ಬರದಾಗ ಆಕಿ ಕೊರಳಾಗಿನ ಬೋರಮಾಳ ಸರ ಮಾರಿ, ಬರಗಾಲ ಕಾಮಗಾರಿಗೆ ಕಲ್ಲು ಒಡ್ಯಾಕ ಹೋಗಿದ್ಲು. ನಮ್ಮ ಚಿಗವ್ವ "ಅದನ್ನ ಬರೀಬ್ಯಾಡ" ಅಂತ ಹಟ ಹಿಡದ್ಲು. ನಾ ವಾದ ಮಾಡ್ಲಿಲ್ಲ. ಬರದಷ್ಟನ್ನ ಸಂಜೀಮುಂದ ಚಿಗವ್ವನ ಮುಂದ ಕುಂತು ಓದ್ದೆ. ತಪ್ಪಿದ್ದಲ್ಲಿ ತಡದು, "ಹಂಗಲ್ಲ, ಹಿಂಗಿತ್ತು" ಅಂತ ತಾನ ಹೇಳಾಕತ್ತಿದ್ಲು. ಕಡೀಕ ಬೋರಮಾಳದ ಕಥಿ ಪೂರಾ ಆಕಿ ಬಾಯಿಂದನ ಬಂತು. ನಿಮ್ಮ ಅತ್ತಿಯವರಿಗೆ ತಮ್ಮವ್ವ ಮಂದಿ ಕಣ್ಣಾಗ ಸಣ್ಣಾಕಿ ಆಗಬಾರದು ಅಂತ ಸಂಕಟ ಐತಿ, ಅಷ್ಟ. ಅವ್ರನ್ನ ಬಿಟ್ಟು ಬರೀಬ್ಯಾಡ್ರಿ, ಕೂಡಿಸ್ಕೊಂಡು ಬರೀರಿ.

ಹೊಸನಗರ ಕಡೆಯವ:

ನಾವೂ ಮುಳುಗಡೆಯವರೇ. ನಮ್ಮಲ್ಲಿ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಮನೆಯಲ್ಲಿ ಕೂರಿಸಿಕೊಂಡು ಮೊಬೈಲ್ ಹಿಡಿದು "ಹೇಳಿ" ಅಂದರೆ ಹಿರಿಯರು ಬಾಯಿ ಬಿಡೋದಿಲ್ಲ. ಈಗ ಬೇಸಿಗೆ, ಹಿನ್ನೀರು ಇಳಿದಿದೆ, ಮಳೆ ಹಿಡಿಯೋ ಮೊದಲು ಅತ್ತೆಯವರನ್ನು ಆ ಕಡೆ ಕರೆದುಕೊಂಡು ಹೋಗಿ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದಮೇಲೆ ಲಾಂಚಿಗೆ ಕಾಯೋ ತಾಪತ್ರಯವೂ ಇಲ್ಲ. ಹಿನ್ನೀರಿನಲ್ಲಿ ಮುಳುಗಿರೋ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು, ನೀರು ತೀರಾ ಇಳಿದ ವರ್ಷ ಮೇಲೆ ಕಾಣುತ್ತದೆ, ಅದನ್ನು ನೋಡಿ ನಮ್ಮಪ್ಪ ಕಣ್ಣಳತೆಯಲ್ಲೇ ದಾರಿ ಗುರುತು ಹಿಡಿದು ತಮ್ಮ ಗದ್ದೆ ಎಲ್ಲಿತ್ತು ಅಂತ ಕೈ ತೋರಿಸಿದರು. ಅಜ್ಜಿ ಬರೆದ ಕೊನೇ ಬುಟ್ಟಿ ಇದ್ದರೆ ಅದರ ಫೋಟೊ ಈಗಲೇ ತೆಗೆದಿಡಿ, ಮುಂದಿನ ಹುಣ್ಣಿಮೆಗೆ ಯಾರಾದರೂ ಅದರ ಮೇಲೇ ಕೆಮ್ಮಣ್ಣು ಬಳಿದಾರು.

ಸಾಗರದ ಮೊಮ್ಮಗಳು:

ಎಲ್ಲರಿಗೂ ಕೈ ಮುಗಿದು ಹೇಳ್ತಿದ್ದೇನೆ, ತುಂಬಾ ಉಪಕಾರವಾಯ್ತು. ನಮೂನೆ 10 ಟ್ರಂಕಿನಲ್ಲೇ ಇತ್ತು, ಅಜ್ಜಿಯ ಮದುವೆ ಸೀರೆಯ ಅಡಿಗೆ. ಕಡತದ ನಕಲಿಗೆ ಅರ್ಜಿ ಹಾಕಿದ್ದೇವೆ.

ದೊಡ್ಡತ್ತೆಯನ್ನು ಹಿನ್ನೀರಿನ ಕಡೆ ಕರೆದುಕೊಂಡು ಹೋದೆವು. ಅಲ್ಲಿ ಮುಟ್ಟೋ ತನಕವೂ ಕಾಯಲಿಲ್ಲ, ಕಾರಿನಲ್ಲೇ ಶುರು ಮಾಡಿದರು. ಗೇಣಿ ಅಳೆಯೋ ದಿನ ಒಡೆಯರ ಕಡೆಯಿಂದ ಬರೋ ಕೊಳಗ ನಮ್ಮನೆ ಕೊಳಗಕ್ಕಿಂತ ದೊಡ್ಡದಂತೆ. ಅಜ್ಜಿ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮನೆ ಕೊಳಗದಲ್ಲಿ ಭತ್ತ ಅಳೆದು, ಕೊಳಗಕ್ಕೊಂದು ಗಂಟಿನ ಹಾಗೆ ಪುಂಡಿ ನಾರಿಗೆ ಗಂಟು ಹಾಕಿಡ್ತಿದ್ದರಂತೆ. ಅಳತೆ ಮುಗಿದ ಮೇಲೆ ಗಂಟು ಎಣಿಸಿ, ಎಷ್ಟು ಹೆಚ್ಚು ಹೋಯ್ತು ಅಂತ ಅಜ್ಜನಿಗೆ ಹೇಳೋರು. ದೀಪ ಹಿಡಿದು ನಿಲ್ಲೋ ಕೆಲಸ ದೊಡ್ಡತ್ತೆಯದು. "ಅಮ್ಮಂಗೆ ಅಕ್ಷರ ಬರ್ತಿರ್ಲಿಲ್ಲ, ಲೆಕ್ಕ ಒಂದು ಕಾಳು ತಪ್ತಿರ್ಲಿಲ್ಲ. ಇದನ್ನ ಬರಿ" ಅಂದರು. ಕೂಲಿಯ ವರ್ಷಗಳನ್ನೂ ಬರೆಯಬಹುದಂತೆ, ಆದರೆ ಯಾರ ತೋಟ ಅಂತ ಹೆಸರು ಹಾಕಬಾರದು. ಅದು ಸರಿಯಾದ ಮಾತು, ಒಪ್ಪಿಕೊಂಡೆ.

ಬುಟ್ಟಿಯ ಫೋಟೊ ತೆಗೆದಾಯ್ತು. ಅದರ ಮೇಲಿನ ಚಿತ್ತಾರಗಳಲ್ಲಿ ನಿಲಿ, ಜೋಗಿ ಜಡೆ, ಬಾಸಿಂಗ ಅಂತ ಒಂದೊಂದರ ಹೆಸರನ್ನೂ ಚಿಕ್ಕಮ್ಮ, ಅಜ್ಜಿ ಹೇಳ್ತಿದ್ದ ಹಾಗೇ ಹೇಳಿ ಬರೆಸಿದ್ದಾರೆ.

ಈಗ ಒಂದೇ ಪ್ರಶ್ನೆ ಉಳಿದಿದೆ. ದೊಡ್ಡತ್ತೆಯ ಓರಗೆಯವರು ಕನ್ನಡಕ ಹುಡುಕದೆ ಓದಬೇಕು. ಅಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದವರು ಇದ್ದರೆ ಅಕ್ಷರದ ಅಳತೆ ಎಷ್ಟು ಇಟ್ಟಿದ್ದಿರಿ, ತಿಳಿಸಿ.